ಖಾಲಿ ಕುರ್ಚಿಗಳಿಗೆ ಕೈಮುಗಿದವಳು

ಮಹಾಜನಗಳೇ, ಕಲಾರಸಿಕರೇ, ಇತ್ತ ಕಿವಿಗೊಡಿ! ಅಕ್ಕ ತೀರಿಕೊಂಡು ತಿಂಗಳಾಯಿತು. ಅವಳಿಗೆ ಬರೆಯುವ ಈ ಪತ್ರಕ್ಕೆ ನೀವೇ ಸಾಕ್ಷಿ.

ಅಕ್ಕಾ, ಇಂದು ಸಂಜೆ ನಿನ್ನ ಭಾಷಣ ಸಂಘದಲ್ಲಿ ನಿನ್ನ ಬಗ್ಗೆ ಮಾತಾಡಿದೆ. ನಲವತ್ತು ವರ್ಷ ನೀನು ಕರೆದಾಗಲೆಲ್ಲ ‘ನಾಟಕದ ತಾಲೀಮಿದೆ’ ಎಂದವನು! ಸಂಘದ ಮೊದಲ ಹೆಣ್ಣುಮಗಳು ನೀನು. ನಲವತ್ತು ವರ್ಷದ ಹಿಂದೆ ನೀನು ಮೊದಲ ಸಲ ಮಾತಿಗೆ ನಿಂತಾಗ ಒಬ್ಬ ನಗುತ್ತ ಎದ್ದುಹೋದ. ಅವನ ಹಿಂದೆಯೇ ಉಳಿದ ಗಂಡಸರೂ ಹೋದರು. ನೀನೋ, ಖಾಲಿ ಕುರ್ಚಿಗಳಿಗೇ ಕೈಮುಗಿದು ಭಾಷಣ ಮುಗಿಸಿದೆ. ಇದನ್ನು ಹೇಳಿದಾಗ ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು.

ಭಾಷಣವಾದ ಮೇಲೆ ಒಂದು ಮೆಚ್ಚುಗೆ, ಒಂದು ತಪ್ಪು ಹೇಳುವುದು ನಿಮ್ಮಲ್ಲಿ ವಾಡಿಕೆಯಂತೆ. ನೀನು ಭಾಷಣ ಕಲಿಸಿದ ನರ್ಸಮ್ಮ ಎದ್ದಳು.

“ದನಿ ಭರ್ಜರಿ ಅಣ್ಣಾ, ಮೈಕೇ ಬೇಕಾಗಿರ್ಲಿಲ್ಲ. ತಪ್ಪು ಅಂದ್ರೆ, ಮೊದಲು ಎದ್ದುಹೋದವ್ರು ಯಾರು ಅಂತ ನೀವು ಹೇಳ್ಲೇ ಇಲ್ಲ. ಅಕ್ಕನೂ ಯಾವತ್ತೂ ಹೇಳ್ಲಿಲ್ಲ.”

“ಮರೆತುಹೋಗಿದೆಯಮ್ಮಾ,” ಎಂದೆ. ಸಾವಿರ ಜನರ ಮುಂದೆ ಗರ್ಜಿಸಿದವನು ಲಗುಬಗೆಯಿಂದ ವೇದಿಕೆ ಇಳಿದೆ.

ನಲವತ್ತು ವರ್ಷದಲ್ಲಿ ಒಬ್ಬರಿಗೂ ನನ್ನ ಹೆಸರು ಹೇಳಲಿಲ್ಲವೇ, ಅಕ್ಕಾ?

ನಾಳೆ ಬೆಳಿಗ್ಗೆ ಎದ್ದವನೇ ನರ್ಸಮ್ಮನ ಆಸ್ಪತ್ರೆಗೆ ಹೋಗಿ, ಅವಳೆದುರು ನಿಂತು, ಆ ಹೆಸರು ಹೇಳುತ್ತೇನೆ.