ಇನ್ನೊಬ್ಬನಿಗೆ ಜಾಗ

ನಂದಿದುರ್ಗ ಲೈನು
ಡಿಸೆಂಬರ್ 1999

ಯಜಮಾನರಿಗೆ ನಮಸ್ಕಾರ,

ನೀವು ಗಣಿಯಿಂದ ಮೇಲೆ ಬರುವಷ್ಟರಲ್ಲಿ ನಾನು ಕಂಪ್ಯೂಟರ್ ಕೋಣೆಗೆ ಹೊರಟಿರುತ್ತೇನೆ. ಅದಕ್ಕೇ ಈ ಕಾಗದವನ್ನು ಸಾರಿನ ಪಾತ್ರೆಯ ಕೆಳಗೆ ಇಟ್ಟಿದ್ದೇನೆ.

ಗಣಿಯೊಳಕ್ಕೆ ಜನರನ್ನು ಇಳಿಸುವ ಕೇಜಿನ ಸಿ ಪ್ರೋಗ್ರಾಮು ಕೊನೆಗೂ ಸರಿಹೋಯಿತು. ಹತ್ತಿದವರ ನಂಬರು ಇಡುವ ಸಾಲಿಗೆ ಹಳಬರು ಒಂದೇ ಜಾಗ ಎಂದು ಬರೆದು, ಮಿಕ್ಕವರನ್ನೆಲ್ಲ ಅದರಾಚೆ ತುರುಕಿದ್ದರು. ಪರೀಕ್ಷೆ ಮಾಡುವಾಗ, ಹೆಚ್ಚುವರಿಯಾಗಿ ಹತ್ತಿದವನ ನಂಬರು ಕೇಜು ಎಷ್ಟು ಆಳದಲ್ಲಿದೆ ಎಂಬ ಲೆಕ್ಕದ ಮೇಲೆಯೇ ಹೋಗಿ ಕೂತಿತು. ನೀವು ಅದರಲ್ಲೇ ಇಳಿಯುವುದು ನೆನಪಾಗಿ ನನಗೆ ಊಟ ಸೇರಲಿಲ್ಲ. ಈಗ ಆ ಸಾಲನ್ನು ಅಳತೆ ಹಾಕದೆ ತೆರೆದಿಟ್ಟಿದ್ದೇನೆ. ಎಷ್ಟು ಜನ ಎಂದು ಮೊದಲೇ ಕೇಳಿಕೊಂಡು ಅಷ್ಟು ಜಾಗ ಮಾಡುತ್ತದೆ.

ಹಾಗಾಗಿ ಲೆಕ್ಕ ಮುಗಿದು ಗಂಟೆ ಹೊಡೆದ ಮೇಲೆ ಕೇಜಿನ ಬಾಗಿಲಲ್ಲಿ ನಿಂತು, "ಬಾರ್ಲಾ ಪೆರುಮಾಳು, ಇನ್ನೊಬ್ಬನ್ಗೆ ಜಾಗ ಐತೆ" ಅನ್ನುವುದನ್ನು ದಯವಿಟ್ಟು ಬಿಡಿ.

ಮನೆಗೆ ಬೇಕಾದರೆ ಎಷ್ಟು ಜನರನ್ನಾದರೂ ಕರೆತನ್ನಿ, ನನಗೂ ಖುಷಿಯೇ. ಎಷ್ಟು ಜನ ಎಂದು ಮಾತ್ರ ಮೊದಲೇ ಹೇಳಿ, ಅಷ್ಟು ಮುದ್ದೆ ಕಟ್ಟುತ್ತೇನೆ. ಮೊನ್ನೆ ನೀವು ಹೇಳಿರಲಿಲ್ಲ. ಪೆರುಮಾಳು ತಿಂದದ್ದು ನನ್ನ ಮುದ್ದೆ.

ನಿಮ್ಮ
ರತ್ನ