ಹುಲಿಗೆಮ್ಮನ ಅರ್ಧ ಗಂಟೆ

ಕೆರೆಶಕೆ ನೂರ ಹನ್ನೆರಡು, ಹದಿಮೂರನೇ ತಿಂಗಳ ಮೂವತ್ತನಾಲ್ಕನೇ ದಿನ
ಸಿಂಧನೂರು ಸೀಮೆ

ಹತ್ತೊಂಬತ್ತು ವರ್ಷದ ನನ್ನ ಮುತ್ತಜ್ಜಿ ಹುಲಿಗೆಮ್ಮನಿಗೆ,

ಈ ತಾರೀಖು ನಿನ್ನ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡ. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸು. ಮುತ್ತಜ್ಜಿಯನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆಂದು ಮುಖ ಊದಿಸಿಕೊಳ್ಳಬೇಡ. ನನಗೀಗ ಅರವತ್ತೊಂದು, ನೀನು ನನ್ನ ವಿದ್ಯಾರ್ಥಿನಿಯರಿಗಿಂತಲೂ ಚಿಕ್ಕವಳು.

ನಾನು ಕಲಿಸುವುದು ನೀರುಶಾಲೆಯಲ್ಲಿ. ನಿಮ್ಮ ಕಾಲದಲ್ಲಿ ಅದು ಕೃಷಿ ಕಾಲೇಜು. ಈಗ ತರಗತಿಗಳು ಕೊಳದ ಮೇಲೆ ತೇಲುತ್ತವೆ, ಹಾಜರಿ ಕೂಗುವಾಗ ಕಾಟ್ಲಾ ಮೀನುಗಳೂ ಬಾಯಿ ತೆರೆಯುತ್ತವೆ. ಉಪ್ಪೇರಿ, ಭತ್ತವೂ ಬೆಳೆಯದೆ ಪಾಳು ಬಿದ್ದಿದ್ದ ಸವಳು ಹೊಲಗಳೆಲ್ಲ ಈಗ ಮೀನಿನ ಕೊಳಗಳು. ಪ್ರತಿ ಕೊಳದ ನಡುವೆ ಒಂದು ಉಸಿರುಗಂಬವಿದೆ: ನೀರಿನಲ್ಲಿ ಗಾಳಿ ಕಡಿಮೆಯಾದರೆ ಅದು ಕೆಂಪಾಗುತ್ತದೆ, ಆಗ ಊರಿನವರೆಲ್ಲ ಊಟ ಬಿಟ್ಟು ಓಡುತ್ತಾರೆ. ಮದುವೆ ಮಾತುಕತೆಗೆ ಬಂದವರು ಮೊದಲು ವಿಚಾರಿಸುವುದು ಹುಡುಗನ ಕೊಳದ ನೀರು ಹೇಗಿದೆ ಎಂದು. ನಮ್ಮ ಮೀನು ಏಳು ದೇಶಗಳ ತಟ್ಟೆಗೆ ಹೋಗುತ್ತದೆ. ಹೌದು, ಜಂಬ ಕೊಚ್ಚಿಕೊಳ್ಳುತ್ತಿದ್ದೇನೆ.

ಇನ್ನು ನಿನ್ನ ವಿಷಯ. ಇವತ್ತು ಬೆಳಿಗ್ಗೆ ನೀನು ಆರುನೂರು ರೋಹು ಮೀನಿನ ಮರಿಗಳನ್ನು ಚೀಲದಿಂದ ನೇರವಾಗಿ ಕಾಲೇಜಿನ ಕೊಳಕ್ಕೆ ಸುರಿದೆ. ನಾಟಿ ಮಾಡುವ ಮನೆಯ ಮಗಳು ನೀನು. ಕಿತ್ತ ಸಸಿ ಬಾಡುವ ಮುಂಚೆ ಕೆಸರಿಗಿಳಿಯಬೇಕೆಂಬುದು ನಿನ್ನ ಕೈಗೆ ರೂಢಿ. ಮರಿಗಳ ವಿಷಯದಲ್ಲೂ ಹಾಗೇ ಅವಸರ ಮಾಡಿದೆ. ಚೀಲದ ನೀರಿನ ಬಿಸಿಯೇ ಬೇರೆ, ಕೊಳದ್ದೇ ಬೇರೆ. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲಿದವು. ನೀನೀಗ ಹಾಸ್ಟೆಲಿನಲ್ಲಿ ಟ್ರಂಕು ತುಂಬುತ್ತಿದ್ದೀಯ. ಗೆಳತಿ ಅಂಬಮ್ಮ ಪಕ್ಕದಲ್ಲಿ ನಿನ್ನ ರೆಕಾರ್ಡ್ ಪುಸ್ತಕ ಹಿಡಿದು ಕೂತು, “ಚೀಲ ದಾರ್ಯಾಗ ಸೋರಿತ್ತಂತ ಬರದು ಬಿಡವಾ, ಯಾರ್ ನೋಡ್ಯಾರ?” ಎನ್ನುತ್ತಿದ್ದಾಳೆ. ನಿಜ ಬರೆದರೆ ಕಾಲೇಜಿನಿಂದ ತೆಗೆದಾರು ಎಂದು ನಿನಗೆ ಭಯ. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನೀನೇ ಮೊದಲು ಬೇರೆ.

ನಿನ್ನ ರೆಕಾರ್ಡ್ ಪುಸ್ತಕ ನಮ್ಮ ಶಾಲೆಯ ಬಾಗಿಲಲ್ಲೇ ಗಾಜಿನ ಪೆಟ್ಟಿಗೆಯಲ್ಲಿದೆ. ತೆರೆದಿಟ್ಟ ಪುಟದಲ್ಲಿ ನಿನ್ನ ಅಕ್ಷರ: “ಚೀಲ ಸೋರಿರಲಿಲ್ಲ. ನಾನು ಅವಸರ ಮಾಡಿದೆ. ಆರುನೂರೂ ಸತ್ತವು.” ಓದಿದ ಮೇಷ್ಟ್ರು ಎರಡು ದಿನ ನಿನ್ನ ಮುಖ ನೋಡಲಿಲ್ಲ. ಮೂರನೇ ದಿನ ರೈತರ ತರಬೇತಿಯಲ್ಲಿ ಅದನ್ನು ನಿನ್ನಿಂದಲೇ ಓದಿಸಿದರು. ಅಲ್ಲಿದ್ದ ಅರ್ಧಕ್ಕರ್ಧ ಜನ ಅದೇ ತಪ್ಪು ಮಾಡಿ ಮರಿ ಕೊಟ್ಟವನನ್ನು ಬೈದವರು. ಅವತ್ತು ತಲೆ ತಗ್ಗಿಸಿ ಕೂತರು. ಆಮೇಲೆ ಈ ಸೀಮೆಯಲ್ಲಿ ಯಾರೂ ಮರಿಗಳನ್ನು ಹಾಗೆ ಸುರಿದಿಲ್ಲ. ಚೀಲವನ್ನು ಕೊಳದಲ್ಲಿ ತೇಲಿಬಿಟ್ಟು, ನೀರಿಗೆ ನೀರು ಹೊಂದುವ ತನಕ ಅರ್ಧ ಗಂಟೆ ದಡದಲ್ಲಿ ಕೈಕಟ್ಟಿ ಕೂರುತ್ತೇವೆ. ಆ ಅರ್ಧ ಗಂಟೆಗೆ ನಿನ್ನ ಹೆಸರೇ ನಿಂತಿತು. ಈಗ ಅನ್ನ ಬೇಯಲು ಒಂದು ಹುಲಿಗೆ, ಮಸ್ಕಿ ಮುಟ್ಟಲು ಎರಡು ಹುಲಿಗೆ. ಗಾಜಿನ ಪೆಟ್ಟಿಗೆಯ ಮುಂದೆ ಹೊಸ ಮಕ್ಕಳನ್ನು ನಿಲ್ಲಿಸಿ, ಇವಳು ನನ್ನ ಮುತ್ತಜ್ಜಿ ಎನ್ನುವಾಗ ಈ ವಯಸ್ಸಿನಲ್ಲೂ ನನ್ನ ಎದೆ ಉಬ್ಬುತ್ತದೆ.

ಆದ್ದರಿಂದ ಟ್ರಂಕು ಬದಿಗೆ ಸರಿಸು, ಹುಲಿಗೆಮ್ಮ. ಪುಸ್ತಕ ಒಪ್ಪಿಸುವುದು ನಾಳೆ ಹತ್ತು ಗಂಟೆಗೆ, ಆ ಪುಟ ಇನ್ನೂ ಖಾಲಿಯಿದೆ. ನೀನೇ ಬರೆಯಬೇಕು. ನಿನ್ನ ಬದಲು ಬರೆಯೋಣವೆಂದರೆ ನಾನಿನ್ನೂ ಹುಟ್ಟಿಲ್ಲ.

ನಿನ್ನ ಮರಿಮಗಳು,
ತುಂಗವ್ವ