ಕೊಂಡಿಯಲ್ಲಿ ಬಿರುಕು ಇರಲಿಲ್ಲ

ಮಾವ,

ಹೌದು, ಜಗ್ಗಿ ಕೊಂಡಿ ಮುರಿದದ್ದು ನಾನೇ. ಬಾಯಿಬಿಟ್ಟು ಕೇಳಿದ್ದರೆ ಅವತ್ತೇ ಹೇಳುತ್ತಿದ್ದೆನೋ ಏನೋ. ನೀವು ಕೇಳಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದಿರಿ. ಹಾಗೆ ನೋಡುವ ಬದಲು ಎರಡು ಬಾರಿಸಬಾರದಿತ್ತೇ? ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನನ್ನು ಕಕ್ಕಿಂಜೆಗೆ ಕರೆತಂದು ಕ್ರೇನ್ ಕಲಿಸಿದವರು ನೀವು.

ಚಾರ್ಮಾಡಿ ಘಾಟಿ ಹತ್ತುವಾಗ ನೀವು ಆ ಕೊಂಡಿಯನ್ನು ಕ್ಯಾಬಿನ್ನಿನೊಳಗೆ, ಬಿಸಿಯಾದ ಇಂಜಿನ್ ಮುಚ್ಚಳದ ಮೇಲೆ ಇಡುತ್ತಿದ್ದಿರಿ. ಸರಪಳಿಯನ್ನು ಲಾರಿಗೆ ಸಿಕ್ಕಿಸುವ, ಕುದುರೆ ಲಾಳದಂಥ ಕೊಂಡಿ.

"ಮಾವ, ಮೊಟ್ಟೆಗೆ ಕಾವು ಕೊಡುದಾ? ಮರಿ ಯಾವಾಗ?"

"ನಗಾಡು ಮಾರಾಯ. ಸಾದಾ ಕಬ್ಬಿಣ ಆದ್ರೆ ಬಗ್ಗಿ ಹೇಳ್ತದೆ, ನನ್ನಿಂದ ಆಗುದಿಲ್ಲ ಅಂತ. ಇದು ಗಟ್ಟಿ ಉಕ್ಕು, ಹೇಳುದೇ ಇಲ್ಲ. ಚಳಿಗೆ ಒಮ್ಮೆಲೇ ಜಗ್ಗಿದ್ರೆ ಫಟ್. ಅದೇ ಭಾರ ಮೆಲ್ಲ ಎಳಿ, ತಡ್ಕೊಳ್ತದೆ."

ಆ ಡಿಸೆಂಬರಿನ ಬೆಳಗ್ಗೆ ತರಕಾರಿ ಲಾರಿಯೊಂದರ ಹಿಂದಿನ ಚಕ್ರ ಘಾಟಿ ರಸ್ತೆಯ ಅಂಚಿನಿಂದ ಜಾರಿ ನಿಂತಿತ್ತಲ್ಲ? ಕೊಂಡಿಯನ್ನು ಒಳಗಿಡುವುದು ನನ್ನ ಕೆಲಸ. ಇಡಲಿಲ್ಲ. ಅದು ಹೊರಗೆ ಮಂಜಿನಲ್ಲೇ ನೇತಾಡುತ್ತ ಬಂತು. "ನಾನು ಬರುವವರೆಗೆ ಎಳಿಬೇಡ" ಎಂದು ನೀವು ವಾಹನ ತಡೆಯಲು ಕೆಳಗಿನ ತಿರುವಿಗೆ ಹೋದಿರಿ. ಸಾಲಿನಲ್ಲಿ ನಿಂತಿದ್ದ ಬಸ್ಸಿನ ಡ್ರೈವರ್ ಕೂಗಿದ: "ಕ್ರೇನ್ ಬಿಡ್ಲಿಕ್ಕೆ ಬರುದಿಲ್ವಾ? ಮನೆಗೆ ಹೋಗಿ ಹೆಂಗಸರೊಟ್ಟಿಗೆ ಬೀಡಿ ಕಟ್ಟು!" ಬಸ್ಸಿಡೀ ನಕ್ಕಿತು. ನನಗೆ ತಲೆ ಕೆಟ್ಟಿತು. ಸಡಿಲವಾಗಿದ್ದ ಸರಪಳಿಯನ್ನು ಮೆಲ್ಲ ಬಿಗಿಯಲಿಲ್ಲ, ಒಂದೇ ಸಲಕ್ಕೆ ಜಗ್ಗಿದೆ. ಕೊಂಡಿ ಗಾಜಿನ ಹಾಗೆ ತುಂಡಾಯಿತು. ಲಾರಿ ಕಂದರಕ್ಕೆ ಹೋಯಿತು. ಅದರ ಡ್ರೈವರ್ ಕೆಳಗಿಳಿದು ನಿಂತಿದ್ದಕ್ಕೆ ಬದುಕಿದ.

ನೀವು ಓಡಿ ಬಂದು ಮೊದಲು ಹೇಳಿದ್ದು, "ತುಂಡು ತೋರಿಸು." ಎಲ್ಲಿಂದ ತೋರಿಸಲಿ? ಮುರಿದ ಜಾಗ ಸಕ್ಕರೆಯ ಹಾಗೆ ಹೊಳೆಯುತ್ತಿತ್ತು. ಹಳೆ ಬಿರುಕಾಗಿದ್ದರೆ ತುಕ್ಕು ಇರಬೇಕಿತ್ತು. ಅಷ್ಟು ನನಗೂ ಗೊತ್ತಿತ್ತು. ಅದಕ್ಕೇ ನೀವು ಬರುವ ಮೊದಲೇ ಎರಡೂ ತುಂಡನ್ನು ಕಂದರಕ್ಕೆ ಎಸೆದಿದ್ದೆ. ಕ್ರೇನಿನ ಧಣಿಗೆ, "ಹಳೆ ಬಿರುಕು ಇತ್ತು, ಮಾವ ನೋಡ್ಲಿಲ್ಲ" ಎಂದೆ. ನೀವು ಅಲ್ಲೇ ನಿಂತಿದ್ದಿರಿ.

ಕಣ್ಣು ಕಾಣದ ಮುದುಕ ಎಂದು ಧಣಿ ನಿಮ್ಮನ್ನು ಕೆಲಸದಿಂದ ಬಿಡಿಸಿದರು. ನಾಲ್ಕು ತಿಂಗಳಿಗೆ ಎದೆನೋವು ಬಂದು ನೀವು ಹೋದಿರಿ. ಶಿರ್ತಾಡಿಯ ಮನೆಯಿಂದ ನಿಮ್ಮನ್ನು ಎತ್ತುವಾಗ ಹೆಗಲು ಕೊಟ್ಟದ್ದೂ ನಾನೇ. ಅತ್ತೆ ಎಲ್ಲರಿಗೂ ಹೇಳುತ್ತಿದ್ದರು, "ಇವನನ್ನು ಮಗನ ಹಾಗೆ ನೋಡ್ಕೊಂಡ್ರು." ನೆಲ ಬಾಯಿಬಿಡಬಾರದೇ ಅನ್ನಿಸಿತು.

ಇವತ್ತು ಧಣಿ ಹೊಸ ಡ್ರೈವರಿಗೆ, "ಆ ರುಕ್ಮಯನ ಹಾಗೆ ಕಣ್ಣು ಮುಚ್ಚಿ ಕೆಲಸ ಮಾಡ್ಬೇಡ" ಎಂದರು. ನಿಮ್ಮ ಹೆಸರು ಕೇಳಿದ್ದೇ ನಾನು ಎದ್ದುಬಿಟ್ಟೆ.

"ಕೊಂಡಿ ಸರಿ ಇತ್ತು. ತಣ್ಣಗೆ ಇದ್ದದ್ದನ್ನು ಜಗ್ಗಿ ಮುರಿದದ್ದು ನಾನು. ತುಂಡು ಬಿಸಾಡಿದ್ದೂ ನಾನು."

"ಸತ್ತವನಿಗೆ ಈಗ ಎಂತ ಆಗ್ಲಿಕ್ಕುಂಟು ಮಾರಾಯ? ಕೂತ್ಕೊ. ಹೊರಗೆ ಹೇಳ್ಬೇಡ."

"ಹೇಳ್ತೇನೆ. ಅತ್ತೆಗೇ ಮೊದಲು ಹೇಳ್ತೇನೆ."

ಬಿ.ಸಿ.ರೋಡಿನ ಬಸ್ ಸ್ಟ್ಯಾಂಡಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಸೀದಾ ಶಿರ್ತಾಡಿಗೆ ಹೋಗುವ ಧೈರ್ಯ ಬರಲಿಲ್ಲ, ಸಿಕ್ಕಿದ ಬಸ್ಸು ಹತ್ತಿದೆ. ಮುಂದಿನ ಮೂಡಬಿದಿರೆ ಬಸ್ಸು ಹಿಡಿದು ಅತ್ತೆಯ ಹತ್ತಿರ ಹೋಗುತ್ತೇನೆ, ಖಂಡಿತ. ಹೊರಟಾಗ ಧಣಿ ಹಿಂದಿನಿಂದ ಇನ್ನೂ ಕೂಗುತ್ತಿದ್ದರು, ಮಾವ. ಕ್ರೇನಿನ ಕೀಲಿಯನ್ನು ಅವರ ಮೇಜಿಗೆ ಎಸೆದು, ಆಫೀಸಿನ ಬಾಗಿಲನ್ನು ಧಡಾರನೆ ಹಾಕಿ ಬಂದೆ.